ತಿಪ್ಪೇಶ ತಂದ ಹಸಿರು ಬಳೆ

ತಿಪ್ಪೇಶನಿಗೆ ಕನಸು ಕಾಣಲು ಹಾಸಿಗೆ ದಿಂಬು ಬೇಕಿರಲಿಲ್ಲ. ನಿಂತಲ್ಲೇ ಕಾಣುತ್ತಿದ್ದ, ಅದೂ ಕಣ್ಣು ಬಿಟ್ಟುಕೊಂಡು. ಇಂಥವನನ್ನು ದೇವರು ಸುಮ್ಮನೆ ಒಂದು ಹುಣಸೆಮರದ ನೆರಳಲ್ಲಿ ಕೂರಿಸಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಆದರೆ ಪಂಚಾಯಿತಿಯವರು ಅವನನ್ನು ನೀರುಗಂಟಿ ಮಾಡಿದ್ದರು. ಕೊಡಿಗೇನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಕರೇಕಲ್ಲಹಟ್ಟಿಯಲ್ಲಿ ಯಾವ ಬೀದಿಗೆ ಯಾವಾಗ ನೀರು ಬಿಡಬೇಕು, ಟ್ಯಾಂಕು ತುಂಬಿದಾಗ ಮೋಟರು ಯಾವಾಗ ಆರಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಅವನು ಕಬ್ಬಿಣದ ಕೀಲಿ ಹಿಡಿದು ವಾಲ್ವಿನ ಗುಂಡಿಗೆ ಬಗ್ಗುತ್ತಿದ್ದ. ಒಳಗೆ ನೀರು ಹರಿಯುವ ಸದ್ದು ಕೇಳಿದ್ದೇ ತಡ, ಮುಖದ ಮೇಲೆ ಒಂದು ನಗೆ ಬರುತ್ತಿತ್ತು. ಆಮೇಲೆ ಅವನು ಅಲ್ಲಿರುತ್ತಿರಲಿಲ್ಲ. ಟ್ಯಾಂಕು ತುಂಬಿ ಸುರಿದು, ಕೆಳಗೆ ಕಟ್ಟಿದ್ದ ಎಮ್ಮೆಗಳು ಸ್ನಾನ ಮುಗಿಸಿ ಮೈ ಕೊಡವಿದ ಮೇಲೆ ಯಾರಾದರೂ "ಲೇ ತಿಪ್ಪೇಶ" ಎಂದು ಕೂಗಿದರೆ ವಾಪಸು ಬರುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅವನ ಹೆಂಡತಿ ಯಶೋಧರಾ ಅದೇ ಊರಿನ ಅಂಗನವಾಡಿ ಟೀಚರ್. ಬಸುರಿಯರಿಗೆ ಮೊಟ್ಟೆ, ಬಾಣಂತಿಯರಿಗೆ ಬುದ್ಧಿಮಾತು, ಎರಡನ್ನೂ ತಪ್ಪದೆ ಕೊಡುವ ಹೆಂಗಸು. "ಎರಡಾಯ್ತಲ್ಲ, ಇನ್ನು ಸಾಕು ಮಾಡಮ್ಮ" ಎಂದು ಅವಳು ಹೇಳಿದರೆ ಸೊಸೆಯರು ತಲೆಯಾಡಿಸುತ್ತಿದ್ದರು, ಅತ್ತೆಯರು ತೆಪ್ಪಗಾಗುತ್ತಿದ್ದರು. ಊರಿಗೆಲ್ಲ ಇಷ್ಟು ಮಾತಾಡುವವಳು ಮನೆಯೊಳಗೆ ಮಾತು ಕಮ್ಮಿ ಮಾಡಿದ್ದಳು. ಮಗಳು ರಕ್ಷಾ ಓದಲು ತುಮಕೂರಿನ ಹಾಸ್ಟೆಲ್ಲಿಗೆ ಹೋದ ಮೇಲಂತೂ "ಊಟಕ್ಕೆ ಬನ್ನಿ", "ಲೈಟ್ ಆರ್ಸಿ" ಎಂಬಲ್ಲಿಗೆ ದಾಂಪತ್ಯದ ಸಂಭಾಷಣೆ ಮುಗಿಯುತ್ತಿತ್ತು. ತಿಪ್ಪೇಶ ಇದನ್ನು ಗಮನಿಸಿರಲಿಲ್ಲ. ಗಮನಿಸುವ ಯೋಗ ಅವನಿಗೆ ರಂಗಯ್ಯನ ಟೀ ಅಂಗಡಿಯಲ್ಲಿ ಕೂಡಿಬಂತು.

ಪ್ರಸನ್ನ ಕುಮಾರ್ ಎಂಬ ಹೊಸ ಮದುವೆಯ ಹುಡುಗ ಮುಖ ಸಣ್ಣಗೆ ಮಾಡಿಕೊಂಡು ಅಲ್ಲಿ ಕೂತಿದ್ದ. ಹೆಂಡತಿಗೆ ಆಸೆಯಿಂದ ಒಂದು ಕುಕ್ಕರ್ ತಂದುಕೊಟ್ಟಿದ್ದನಂತೆ. ಅವಳು ಅದನ್ನು ನೋಡಿ ತವರಿಗೆ ಹೋಗಿದ್ದಳಂತೆ. ತಿಪ್ಪೇಶ ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಯಾರೋ ಕೋಟು ಹಾಕಿದವರು ಸಂಸಾರದ ಬಗ್ಗೆ ಮಾತಾಡಿದ್ದನ್ನು ಅರ್ಧ ಕೇಳಿದ್ದ. ಆ ಅರ್ಧವನ್ನೇ ಬಿಚ್ಚಿದ.

"ಹೆಂಡ್ತಿ ಅಂದ್ರೆ ವಾಲ್ವ್ ಇದ್ದಂಗೆ ಕಣ್ಲಾ. ಬಲವಂತ ಮಾಡಿದ್ರೆ ಮುರಿತದೆ. ನಿಧಾನಕ್ಕೆ ಮನಸ್ ಬಿಚ್ಚಿ ಮಾತಾಡ್ಬೇಕು. ಅವ್ಳಿಗೆ ಏನಿಷ್ಟ ಅಂತ ತಿಳ್ಕಂಡು ಅದ್ನೇ ತಂದ್ಕೊಡ್ಬೇಕು."

"ಅತ್ಗೆಗೆ ಏನಣ್ಣ ಇಷ್ಟ?" ಎಂದು ಪ್ರಸನ್ನ ಕೇಳಿದ. ಕುಹಕಕ್ಕಲ್ಲ, ಪಾಪ, ಕಲಿತುಕೊಳ್ಳುವುದಕ್ಕೇ ಕೇಳಿದ.

ತಿಪ್ಪೇಶ ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ರಂಗಯ್ಯ ಬೋಂಡಾ ಕರಿಯುವುದನ್ನು ಬಿಟ್ಟು ಜಾಲರಿ ಎತ್ತಿ ಹಿಡಿದು ಕಾದ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಗಸಿಗೆ ಏನಿಷ್ಟ ಎಂದು ತಿಪ್ಪೇಶ ಒಳಗೆಲ್ಲ ತಡಕಿದ, ಒಂದೂ ಸಿಗಲಿಲ್ಲ. "ಅದು ಗಂಡ ಹೆಂಡ್ತಿ ವಿಷ್ಯ, ಬೀದೀಲಿ ಹೇಳೋದಲ್ಲ" ಎಂದು ಅರ್ಧ ಟೀ ಬಿಟ್ಟು ಎದ್ದುಹೋದ. ದಾರಿಯುದ್ದಕ್ಕೂ ಅವನಿಗೆ ಸಂಕಟವಾಯಿತು. ಅವಳು ತನ್ನೊಡನೆ ನಗುತ್ತಾ ಮಾತಾಡಿದ್ದು ಯಾವಾಗ ಎಂಬುದೂ ನೆನಪಾಗಲಿಲ್ಲ.

ಮನೆಗೆ ಬಂದವನೇ ಕೇಳಿಬಿಟ್ಟ. "ಯಶೋಧಾ, ನಿಂಗೆ ಏನಿಷ್ಟ?"

ರೊಟ್ಟಿ ತಟ್ಟುತ್ತಿದ್ದ ಅವಳ ಕೈ ನಿಂತಿತು. ತಿರುಗಿ ಅವನ ಮುಖವನ್ನು ಚೆನ್ನಾಗಿ ನೋಡಿದಳು. "ಮೇಲ್ಬೀದಿಯೋರು ಆಗ್ಲೇ ಬಿಂದಿಗೆ ಇಟ್ಕೊಂಡು ಕೂತವ್ರೆ. ವಾಲ್ವ್ ತಿರುಗ್ಸಿ ಬನ್ನಿ, ಆಮೇಲೆ ಹೇಳ್ತೀನಿ" ಎಂದಳು. ತಿಪ್ಪೇಶ ಹೋದ, ವಾಲ್ವ್ ತಿರುಗಿಸಿದ, ನೀರಿನ ಸದ್ದು ಕೇಳಿದ. ಹೆಂಡತಿಗೆ ಒಂದು ಉಡುಗೊರೆ ತಂದರೆ ಹೇಗಿರುತ್ತದೆ ಎಂಬ ಕನಸು ಅಲ್ಲೇ ಶುರುವಾಯಿತು. ಕನಸು ಬಹಳ ಚೆನ್ನಾಗಿದ್ದುದರಿಂದ ಅವನು ಅಲ್ಲಿಂದ ನೇರ ಮಧುಗಿರಿ ಬಸ್ಸು ಹತ್ತಿದ.

ಮಧುಗಿರಿಯಲ್ಲಿ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಕಮಲಾಕ್ಷಮ್ಮನ ಬಳೆ ಅಂಗಡಿ. ಸೀರೆಯೂ ಉಂಟು, ಶುಭಕಾರ್ಯದ ಸಾಮಾನೂ ಉಂಟು.

"ಯಾರಿಗಪ್ಪಾ?"

"ಮನೆಯೋರಿಗೆ."

"ಏನ್ ಕಾರ್ಯ?"

ಇಲ್ಲಿ ತಿಪ್ಪೇಶ ಸಿಕ್ಕಿಬಿದ್ದ. ಯುಗಾದಿಯಿಲ್ಲ, ಗೌರಿಯಿಲ್ಲ, ನಾದಿನಿಯ ಮದುವೆಯಿಲ್ಲ. ಕಾರಣವಿಲ್ಲದೆ ಹೆಂಡತಿಗೆ ಸೀರೆ ತರಲು ಬಂದಿದ್ದೇನೆ ಎಂದು ಒಬ್ಬ ಗಂಡಸು ಬಾಯಿಬಿಟ್ಟು ಹೇಳುವುದು ಹೇಗೆ? ಅವನ ಕಿವಿ ಕೆಂಪಾಯಿತು. ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ, "ಅಂಗೇ... ಸಂತೋಷಕ್ಕೆ" ಎಂದ.

ಕಮಲಾಕ್ಷಮ್ಮ ತಲೆ ನರೆಯುವವರೆಗೆ ಬಳೆ ತೊಡಿಸಿದವಳು. ತಲೆ ನರೆತ ಗಂಡಸು ತನ್ನ ಗಲ್ಲಾಪೆಟ್ಟಿಗೆಯ ಮುಂದೆ ಹೀಗೆ ನಾಚಿದರೆ ಅದಕ್ಕೆ ಒಂದೇ ಕಾರಣವೆಂದು ಅವಳ ಅನುಭವ. "ನಾಚ್ಕೊಬ್ಯಾಡ ಬುಡಪ್ಪ. ವಯಸ್ಸಾದ್ಮೇಲೆ ಆದ್ರೇನು, ಒಳ್ಳೇದೇ" ಎಂದು ಸಮಾಧಾನ ಹೇಳಿ, ಒಂದು ಹಸಿರು ಸೀರೆ ತೆಗೆದಳು. ಅದರ ಮೇಲೆ ಹಸಿರು ಗಾಜಿನ ಬಳೆ, ಹಸಿರು ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ, ಅರಿಶಿನ ಕುಂಕುಮ ಇಟ್ಟಳು. ಬಳೆಯ ಅಳತೆ ಕೇಳಿದಾಗ ತಿಪ್ಪೇಶ ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಹೆಬ್ಬೆರಳು, ತೋರುಬೆರಳು ಸೇರಿಸಿ ಗುಂಡಗೆ ಮಾಡಿ "ಇಷ್ಟು" ಎಂದು ತೋರಿಸಿದ.

ಮುತ್ತೈದೆಗೆ ಹಸಿರು ಬಳೆ ಯಾವಾಗಲಾದರೂ ಒಪ್ಪುತ್ತದೆ. ಆದರೆ ಹಸಿರು ಸೀರೆಯ ಮೇಲೆ ಹಸಿರು ಬಳೆ, ಅದರ ಮೇಲೆ ಮಡಿಲು ತುಂಬುವ ಸಾಮಾನು ಕೂತರೆ ಅದು ಸೀಮಂತವೆಂದು ಈ ಸೀಮೆಯ ಹೆಂಗಸರಿಗೆಲ್ಲ ಗೊತ್ತು. ಗಂಡಸರಿಗೂ ಗೊತ್ತಿರಬೇಕಾದ್ದೇ. ಆದರೆ ಸೀಮಂತದ ದಿನ ಅವರು ಹೊರಗೆ ಶಾಮಿಯಾನದ ಗೂಟ ಹೊಡೆಯುತ್ತಾ, ಕುರ್ಚಿ ಎಣಿಸುತ್ತಾ ಇರುವುದರಿಂದ ಒಳಗಿನ ಸಂಗತಿ ಅವರ ಜ್ಞಾನಕ್ಕೆ ಬರುವುದಿಲ್ಲ. ತಿಪ್ಪೇಶ ಇಷ್ಟು ಸಾಮಾನು ಕೊಟ್ಟದ್ದು ಅಂಗಡಿಯವಳ ಧಾರಾಳವೆಂದುಕೊಂಡು ಖುಷಿಪಟ್ಟ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವಳು ಲಕ್ಕಮ್ಮ, ಅಂಗನವಾಡಿಯ ಆಯಾ. ಅವಳ ಕಣ್ಣು ಮೊದಲು ಚೀಲಕ್ಕೆ ಹೋಯಿತು, ಆಮೇಲೆ ಕೈಯೂ ಹೋಯಿತು.

"ಹಸ್ರು ಸೀರೆ, ಹಸ್ರು ಬಳೆ, ಕೊಬ್ರಿ ಬಟ್ಲು. ಯಾರ್ಗಣ್ಣ ಇದು?"

"ನಿಮ್ ಟೀಚರಮ್ಮಂಗೆ."

ಲಕ್ಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ದಿನಾ ಜತೇಲಿರ್ತೀನಿ, ನಂಗೊಂದು ಮಾತು ಹೇಳ್ಲಿಲ್ವಲ್ಲಣ್ಣ."

"ಅವ್ಳಿಗೇ ಇನ್ನೂ ಗೊತ್ತಿಲ್ಲ ಕಣಮ್ಮ."

"ಅವ್ರಿಗೇ ಗೊತ್ತಿಲ್ವಾ? ಮತ್ತೆ ನಿಂಗೆಂಗ್ ಗೊತ್ತಾಯ್ತು?"

"ನನ್ ಮನಸ್ಸಿಗೆ ಬಂತು, ತಂದ್ಬುಟ್ಟೆ. ನೀನು ಬಾಯ್ ಬುಡ್ಬ್ಯಾಡ. ಒಳ್ಳೆ ಗಳಿಗೆ ನೋಡಿ ನಾನೇ ಅವ್ಳಿಗೆ ಹೇಳ್ತೀನಿ."

ಲಕ್ಕಮ್ಮ ದಂಡಿನ ಮಾರಮ್ಮನ ಮೇಲೆ ಆಣೆಯಿಟ್ಟಳು. ಆಣೆಗೆ ತಪ್ಪಲೂ ಇಲ್ಲ. ಟೀಚರಮ್ಮನೊಬ್ಬಳನ್ನು ಬಿಟ್ಟು ಬೇರೆ ಎಲ್ಲರಿಗೂ ಹೇಳಿದಳು, ಪ್ರತಿಯೊಬ್ಬರಿಗೂ "ಅವ್ರಿಗೇ ಗೊತ್ತಿಲ್ಲ, ಗಂಡನೇ ಹೇಳ್ಬೇಕಂತೆ" ಎಂದು ಕಟ್ಟಪ್ಪಣೆಯನ್ನೂ ಮಾಡಿದಳು.

ತಿಪ್ಪೇಶ ಚೀಲವನ್ನು ಪಂಪುಮನೆಯಲ್ಲಿ ಬಚ್ಚಿಟ್ಟು ಒಳ್ಳೆ ಗಳಿಗೆಗೆ ಕಾಯತೊಡಗಿದ. ಅವನ ಕನಸಿನಲ್ಲಿ ಆ ಗಳಿಗೆ ದಿನಕ್ಕೊಂದು ಚಂದವಾಗಿ ಬರುತ್ತಿತ್ತು. ಒಮ್ಮೆ ಯಶೋಧರಾ ಹಸಿರು ಸೀರೆಯಲ್ಲಿ ಕಡಲೆಕಾಯಿ ಹೊಲದ ನಡುವೆ ನಡೆದುಬರುವಳು. ಒಮ್ಮೆ ಸಂಜೆಬಿಸಿಲು ಬಿದ್ದ ಮಧುಗಿರಿಯ ಬೆಟ್ಟ ತಾನೇ ಒಂದಿಷ್ಟು ಪಕ್ಕಕ್ಕೆ ಸರಿದು ಅವರಿಬ್ಬರಿಗೆ ಕೂರಲು ಜಾಗ ಕೊಡುವುದು. ಎಮ್ಮೆಗಳು ದಿನಾ ಸ್ನಾನ ಮಾಡಿ ಮಿರಮಿರ ಮಿಂಚಿದವು.

ಇತ್ತ ಅಂಗನವಾಡಿಯಲ್ಲಿ ಯಶೋಧರಾ ಪೊರಕೆ ಮುಟ್ಟಿದರೆ ಲಕ್ಕಮ್ಮ ಕಿತ್ತುಕೊಳ್ಳುವಳು. ಅಕ್ಕಿಯ ಚೀಲ ಸರಿಸಲು ಬಗ್ಗಿದರೆ ಮೂವರು ಓಡಿಬರುವರು. ಮಧ್ಯಾಹ್ನ ಅವಳ ತಟ್ಟೆಯ ಪಕ್ಕ ಸುಲಿದ ಮೊಟ್ಟೆ ಇರುವುದು. ಪಕ್ಕದ ಮನೆಯವಳು ಹುಣಸೆಹಣ್ಣಿನ ಚಿಗಳಿ ಕುಟ್ಟಿ ತಂದು "ಬಾಯಿ ಕೆಟ್ಟಿರ್ತದೆ, ಇಟ್ಕಳವ್ವ" ಎಂದು ಕಣ್ಣೊರೆಸಿಕೊಂಡು ಹೋದಳು. ತನಗೇನೋ ದೊಡ್ಡ ಕಾಯಿಲೆಯಿದೆ, ಊರೆಲ್ಲ ಸೇರಿ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಯಶೋಧರಾ ಒಬ್ಬಳೇ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಬಂದಳು. ರಕ್ತ ಚೆನ್ನಾಗಿತ್ತು.

ಟೀ ಅಂಗಡಿಯಲ್ಲಿ ಪಂಚಾಯಿತಿ ಮೆಂಬರು ರೇಣುಕಯ್ಯ ತಿಪ್ಪೇಶನ ಬೆನ್ನು ತಟ್ಟಿದ. "ಸುದ್ದಿ ಗೊತ್ತಾಯ್ತು ಕಣಪ್ಪ. ಈ ವಯಸ್ನಲ್ಲಿ ಧೈರ್ಯ ಮಾಡ್ದೆ."

ಸೀರೆಯ ಸುದ್ದಿ ಬಯಲಾಯಿತೆಂದು ತಿಪ್ಪೇಶ ತಿಳಿದ. ನಾಚಿಕೆಯಾದರೂ ಹೆಮ್ಮೆಯೇ ಮೇಲಾಯಿತು. "ವಯಸ್ಸಿಗೂ ಇದ್ಕೂ ಏನ್ ಸಂಬಂಧ ರೇಣುಕಣ್ಣ? ಪ್ರೀತಿ ಇದ್ರಾಯ್ತು. ಇಷ್ಟ್ ದಿನ ನಂಗೆ ತಿಳೀಲಿಲ್ಲ. ಇನ್ಮೇಲೆ ವರ್ಷಕ್ಕೊಂದು ಅಂತ ಇಟ್ಕೊಂಡಿದ್ದೀನಿ."

"ವರ್ಷಕ್ಕೊಂದಾ?"

"ಕೈಲಾದ್ರೆ ಎರಡು. ದೀಪಾವಳಿಗೊಂದು, ಯುಗಾದಿಗೊಂದು."

ರಂಗಯ್ಯನ ಬೋಂಡಾ ಸೀದುಹೋಯಿತು. ಪ್ರಸನ್ನ ಕುಮಾರ ಅಂದೇ ಮಾವನ ಮನೆಗೆ ಹೋಗಿ ಹೆಂಡತಿಯ ಕಾಲಿಗೆ ಬಿದ್ದು ಕರೆತಂದನೆಂದು ಆಮೇಲೆ ತಿಳಿಯಿತು. ಸಂಜೆಯೊಳಗೆ ಆರೋಗ್ಯ ಇಲಾಖೆಯ ಸಿಸ್ಟರು ವಾಲ್ವಿನ ಗುಂಡಿಯವರೆಗೂ ಸ್ಕೂಟರಿನಲ್ಲಿ ಬಂದು, "ತಿಪ್ಪೇಶಪ್ಪ, ಇದೊಂದಕ್ಕೆ ನಿಲ್ಲಿಸ್ಬೇಕು, ನಿಮ್ಮನೆಯೋರ ಆರೋಗ್ಯಾನೂ ನೋಡ್ಬೇಕು" ಎಂದರು. "ಕೊಡೋನು ನಾನು, ಈಸ್ಕೊಳ್ಳೋಳು ಅವ್ಳು. ಮಧ್ಯೆ ನಿಮಗೇನು ಸಿಸ್ಟರ್?" ಎಂದು ತಿಪ್ಪೇಶ ಗಂಭೀರವಾಗಿ ಉತ್ತರಿಸಿದ. ತುಮಕೂರಿನಿಂದ ರಕ್ಷಾ ಫೋನು ಮಾಡಿ, "ಅಪ್ಪ, ನಿಜಾನಾ? ನನ್ ಫ್ರೆಂಡ್ಸಿಗೆ ಹೆಂಗೆ ಮುಖ ತೋರಿಸ್ಲಿ?" ಎಂದು ಅಳುವ ದನಿಯಲ್ಲಿ ಕೇಳಿದಳು. ತನಗೆ ಸೀರೆ ತರಲಿಲ್ಲವೆಂದು ಮಗಳಿಗೆ ಬೇಜಾರೆಂದುಕೊಂಡು "ಅಳ್ಬ್ಯಾಡ ಬುಡು ಮಗಾ, ನಿಂಗೂ ಒಂದು ಬತ್ತದೆ" ಎಂದ. ಫೋನು ಕಟ್ಟಾಯಿತು. ಸುದ್ದಿ ಕೊರಟಗೆರೆ ಮುಟ್ಟುವ ಹೊತ್ತಿಗೆ ಅವಳಿ ಮಕ್ಕಳಾಗಿದ್ದವು. ಶಿರಾದ ನೆಂಟರು ಹೆಸರು ಹುಡುಕುತ್ತಿದ್ದರು.

ಭಾನುವಾರ ತಿರುಮಣಿಯಿಂದ ಯಶೋಧರಾಳ ತಾಯಿ ದಾಸಮ್ಮ ಬುಟ್ಟಿ ಹೊತ್ತು ಬಂದಿಳಿದಳು. ಪಾವಗಡದ ಆಚೆಯ ಹೆಂಗಸು, ಸಿಟ್ಟು ಬಂದರೆ ತೆಲುಗು, ಸಂತೋಷವಾದರೆ ಕನ್ನಡ. ಅಂದು ಎರಡೂ ಒಟ್ಟಿಗೆ ಬಂದಿದ್ದವು. "ಏಮಯ್ಯಾ ಅಲ್ಲುಡು, ಅತ್ತೆಗೆ ಹೇಳ್ದೇನೇ ಸೀಮಂತ ಮಾಡ್ತಾರಾ?" ಎಂದು ಅಳಿಯನನ್ನು ಕೇಳುತ್ತಲೇ ಒಳನುಗ್ಗಿದಳು. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಚಿತ್ರಾನ್ನದ ಕೊಪ್ಪರಿಗೆಯೊಂದಿಗೆ ಬಂದರು. ಲಕ್ಕಮ್ಮ ಪಂಪುಮನೆಯಲ್ಲಿ ಹುಡುಕಿ ಚೀಲ ತಂದಿದ್ದಳು. ಯಶೋಧರಾಳನ್ನು ಮಣೆಯ ಮೇಲೆ ಕೂರಿಸಿ ಹಸಿರು ಸೀರೆ ಹೊದಿಸಿ ಇನ್ನೇನು ಆರತಿಯೆತ್ತಬೇಕು.

ಊರಿನ ಬಸುರಿಯರನ್ನೆಲ್ಲ ನೋಡಿದವಳಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅವಳು ಎದ್ದು ನಿಂತಳು. "ಯಾರು ಹೇಳಿದ್ದು?"

ಹೆಂಗಸರು ಲಕ್ಕಮ್ಮನನ್ನು ನೋಡಿದರು. ಲಕ್ಕಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ತಿಪ್ಪೇಶ, ಹೆಂಡತಿ ಹಸಿರು ಸೀರೆಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಾಳೆಂದು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದ.

ಆಮೇಲೆ ಎಲ್ಲವೂ ಹೊರಬಿತ್ತು. ತಿಪ್ಪೇಶ ತಡವರಿಸಿಕೊಂಡು ಎಲ್ಲರೆದುರಿಗೇ ಹೇಳಿದ. "ನಿಂಗೇನಿಷ್ಟ ಅಂತ ಪ್ರಸನ್ನ ಕೇಳ್ದ. ನಂಗೆ ಗೊತ್ತಾಗ್ಲಿಲ್ಲ. ನೀನು ಮಾತಾಡೋದೂ ಬುಟ್ಟಿದ್ದೆ. ಏನಾದ್ರೂ ತಂದ್ರೆ ಮಾತಾಡ್ತೀಯೇನೋ ಅಂತ ತಂದೆ."

"ನನ್ ಮನಸ್ಸಲ್ಲಿ ಏನೈತೆ ಅಂತ ಬಳೆ ಅಂಗ್ಡಿಯೋರ್ನ ಕೇಳೋಕೆ ಹೋದ್ರಿ. ನನ್ನ ಕೇಳ್ಬಾರ್ದಾಗಿತ್ತಾ?"

"ಕೇಳ್ದೆ. ವಾಲ್ವ್ ತಿರುಗ್ಸಿ ಬನ್ನಿ, ಆಮೇಲೆ ಹೇಳ್ತೀನಿ ಅಂದೆ."

"ತಿರುಗ್ಸಿ ಬಂದ್ರಾ?"

ಹೆಂಗಸರು ನೆಲ ನೋಡಿದರು. ಯಶೋಧರಾ ಸೀರೆ ತೆಗೆದು ಮಣೆಯ ಮೇಲಿಟ್ಟಳು. "ಅವತ್ತು ರೊಟ್ಟಿ ಎಲ್ಲಾ ತಣ್ಣಗಾಗೋವರ್ಗೂ ಕಾದಿದ್ದೆ. ಇಪ್ಪತ್ತು ವರ್ಷಕ್ಕೆ ಒಂದ್ಸಲ ಕೇಳಿದ್ರಿ, ಏನ್ ಹೇಳೋದು ಅಂತ ಎಲ್ಲಾ ಜೋಡಿಸ್ಕೊಂಡು ಕೂತಿದ್ದೆ. ನೀವು ಬರ್ಲೇ ಇಲ್ಲ." ಅವಳ ದನಿ ಜೋರಿರಲಿಲ್ಲ. ಜೋರಾಗಿದ್ದರೆ ತಿಪ್ಪೇಶ ತಡೆದುಕೊಳ್ಳುತ್ತಿದ್ದ. ಅವಳು ತಾಯಿಯ ಜೊತೆ ಸಂಜೆಯ ಬಸ್ಸಿಗೆ ತಿರುಮಣಿಗೆ ಹೊರಟಳು. ಚಿತ್ರಾನ್ನ ಕೆಡಬಾರದೆಂಬ ಒಂದೇ ಕಾರಣಕ್ಕೆ ಹೆಂಗಸರು ಕೂತು ತಿಂದರು, ಎರಡನೇ ಸಲವೂ ಬಡಿಸಿಕೊಂಡರು.

ಮನೆ ಖಾಲಿಯಾಯಿತು. ಲೈಟ್ ಆರಿಸಿ ಎನ್ನುವವರೂ ಇಲ್ಲದೆ ತಿಪ್ಪೇಶನ ಮನೆಯ ಲೈಟು ಹಗಲೂ ಉರಿಯಿತು. ಆಶ್ಚರ್ಯವೆಂದರೆ ಅವನಿಗೆ ಕನಸೂ ಬೀಳಲಿಲ್ಲ. ವಾಲ್ವಿನ ಮುಂದೆ ನಿಂತರೆ ಬರೀ ನೀರಿನ ಸದ್ದು ಕೇಳುತ್ತಿತ್ತು. ಟ್ಯಾಂಕು ಸುರಿಯಲಿಲ್ಲ, ಎಮ್ಮೆಗಳು ಮೈ ತುಂಬ ಧೂಳು ಹೊತ್ತು ಬೇಸರದಿಂದ ಮೇಲೆ ನೋಡುತ್ತಿದ್ದವು. ಕೆಲಸ ಇಷ್ಟು ನೇರ್ಪಾಗಿ ನಡೆದದ್ದು ಕಂಡು ರೇಣುಕಯ್ಯನಿಗೇ ಗಾಬರಿಯಾಯಿತು. "ಹೋಗಿ ಕರ್ಕೊಂಡ್ ಬಾರ್ಲಾ, ನಿನ್ನ ಇಂಗೆ ನೋಡೋಕಾಗಲ್ಲ" ಎಂದ. ತಿಪ್ಪೇಶ ಆಗ ಮೋಟರು ಹಾಕಿ ನಿಂತಿದ್ದ. ಅಲ್ಲಿಂದಲೇ ಹೊರಟ. ಮಧುಗಿರಿಯಲ್ಲಿ ಬಸ್ಸು ಬದಲಿಸಿ ಪಾವಗಡ, ಅಲ್ಲಿಂದ ಇನ್ನೊಂದು ಬಸ್ಸು. ಕೈಯಲ್ಲಿ ಬಳೆಯ ಪೊಟ್ಟಣ ಮಾತ್ರ ಇತ್ತು.

ತಿರುಮಣಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ದಾಸಮ್ಮ ಜಗಲಿಯ ಮೇಲಿಂದಲೇ ಹಿತ್ತಲ ಕಡೆ ಕೈ ತೋರಿಸಿದಳು. ತಿಪ್ಪೇಶ ಆ ಮನೆಗೆ ಎಷ್ಟೋ ಸಲ ಬಂದಿದ್ದ, ಪ್ರತಿ ಸಲವೂ ಇದೇ ಜಗಲಿಯ ಮೇಲೆ ಉಂಡು, ಇಲ್ಲೇ ತೂಕಡಿಸಿ, ಇಲ್ಲಿಂದಲೇ ಬಸ್ಸು ಹತ್ತಿದ್ದ. ಹಿತ್ತಲ ಹಿಂದೆ ಏನಿದೆಯೆಂದು ನೋಡಿರಲಿಲ್ಲ. ಅಲ್ಲೊಂದು ಬಂಡೆ, ಬಂಡೆಯ ಮೇಲೆ ಯಶೋಧರಾ. ಅವಳ ಎದುರಿಗೆ, ಒಂದು ಕಾಲಕ್ಕೆ ಕಡಲೆಕಾಯಿ ಬೆಳೆಯುತ್ತಿದ್ದ ಬಯಲಿನಲ್ಲೆಲ್ಲ, ಸೋಲಾರಿನ ಫಲಕಗಳು ಆಕಾಶದ ಅಂಚಿನವರೆಗೂ ಹರಡಿದ್ದವು.

ತಿಪ್ಪೇಶ ಪಕ್ಕದಲ್ಲಿ ನಿಂತ. "ವಾಲ್ವ್ ತಿರುಗ್ಸಿ ಬಂದೆ" ಎಂದ. "ಈಗ ಹೇಳು."

ಅವಳು ಸರಿದು ಜಾಗ ಕೊಟ್ಟಳು.

"ಹಸ್ರು ನಂಗಿಷ್ಟ ಇಲ್ಲ" ಎಂದು ಅವಳು ಶುರುಮಾಡಿದಳು. "ಅಮ್ಮ ವರ್ಷಾ ವರ್ಷಾ ಹಸ್ರೇ ಕೊಡ್ತಾಳೆ, ಇವತ್ತಿಗೂ ಹೇಳೋಕಾಗಿಲ್ಲ. ಮದ್ವೆಯಾದ ವರ್ಷ ನಿಮಗೊಂದು ಮಾತು ಹೇಳಿದ್ದೆ, ಸಮುದ್ರ ನೋಡ್ಬೇಕು ಅಂತ. ನೀವು ಹೂಂ ಅಂದು ನೀರು ಬಿಡೋಕೆ ಹೋದ್ರಿ. ಸಮುದ್ರ ಬಿಡಿ, ಅದೇನ್ ದೊಡ್ಡದಲ್ಲ. ಇಲ್ಲಿಗೆ ಬಂದಾಗೆಲ್ಲ ಇಲ್ಲೇ ಕೂತ್ಕೋತೀನಿ. ಸೂರ್ಯ ಮುಳುಗೋ ಹೊತ್ತಿಗೆ ನೋಡಿ, ಎಲ್ಲಾ ನೀರಾಗ್ಬಿಡುತ್ತೆ. ನಿಮ್ಮನ್ನೊಂದ್ಸಲ ಕೂರಿಸ್ಕೊಂಡು ತೋರಿಸ್ಬೇಕು ಅಂತಿತ್ತು. ಅಷ್ಟೇ ನಂಗಿಷ್ಟ. ನಾನೂ ಬಾಯಿಬಿಟ್ಟು ಕರೀಬೇಕಾಗಿತ್ತು, ಕರೀಲಿಲ್ಲ. ಕೇಳಿಸ್ಕೊಳ್ಳಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡು ಸುಮ್ಮನಾದೆ."

ಅವಳು ಇನ್ನೂ ಹೇಳಿದಳು. ಮಗಳಿಲ್ಲದ ಮನೆಯ ಬೇಜಾರು, ಮೊನ್ನೆಯ ರಕ್ತಪರೀಕ್ಷೆಯ ಭಯ, ಎಲ್ಲವನ್ನೂ. ತಿಪ್ಪೇಶ ಒಂದು ಮಾತನ್ನೂ ಬಿಡದೆ ಕೇಳಿದ. ಅಷ್ಟರಲ್ಲಿ ಬಿಸಿಲು ಕೆಂಪಾಗಿ ಫಲಕಗಳ ಮೇಲೆ ಬಿತ್ತು. ಮೊದಲು ಒಂದು ಸಾಲು ಮಿನುಗಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಬಯಲು ಮೆಲ್ಲಗೆ ಅಲುಗಿದ ಹಾಗಾಯಿತು. ಮಳೆಯೇ ಅಪರೂಪದ ಆ ಸೀಮೆಯಲ್ಲಿ ಅವರಿಬ್ಬರೂ ಸಮುದ್ರದ ದಡದಲ್ಲಿ ಕೂತಿದ್ದರು.

"ಈಗ ನೀವು ಹೇಳಿ. ವಾಲ್ವ್ ತಿರುಗ್ಸಿ ಎಲ್ಲಿಗೆ ಹೋಗ್ತೀರಿ? ಅಷ್ಟು ಹೊತ್ತು ಏನ್ ಯೋಚ್ನೆ ಮಾಡ್ತೀರಿ?"

ತಿಪ್ಪೇಶನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಎಲ್ಲಿಗೂ ಇಲ್ಲ" ಎಂದ ಅವನು. "ಪೈಪಲ್ಲಿ ನೀರು ಹೋಗೋ ಸದ್ದು ಬತ್ತದಲ್ಲ, ಅದ್ರ ಜತೆ ನಾನೂ ಹೋಗ್ತೀನಿ. ಮೇಲ್ಬೀದಿ ದಾಟಿ, ಗುಡಿ ಹತ್ರ ತಿರುಗಿ ನಮ್ಮನೆ ನಲ್ಲಿಗೆ. ಅಲ್ಲಿ ನೀನು ಬಿಂದಿಗೆ ಇಟ್ಕೊಂಡು ನಿಂತಿರ್ತೀಯ. ನೀರು ಬಂತು ಅಂತ ನಗ್ತೀಯ. ಅದನ್ನ ನೋಡ್ಕೊಂಡು ನಿಂತ್ಬುಡ್ತೀನಿ. ಅಷ್ಟೊತ್ಗೆ ಟ್ಯಾಂಕ್ ತುಂಬ್ಬುಟ್ಟಿರ್ತದೆ."

ಯಶೋಧರಾ ಅವನ ಕೈಯಲ್ಲಿದ್ದ ಪೊಟ್ಟಣ ತೆಗೆದುಕೊಂಡು ಒಂದು ಬಳೆ ಏರಿಸಲು ನೋಡಿದಳು. ಅದು ಬೆರಳಿನ ಗೆಣ್ಣು ದಾಟಲಿಲ್ಲ. "ಇದು ಯಾರ ಅಳತೆ?"

"ನಿಂದೇ. ಧಾರೆ ಎರೆಯೋವಾಗ ಹಿಡ್ಕಂಡಿದ್ನಲ್ಲ, ಆ ಕೈ."

ಇಷ್ಟು ದಿನದ ಮೇಲೆ ಅವಳು ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ. ಬಳೆಯನ್ನು ಮುರಿಯದಂತೆ ಮತ್ತೆ ಪೊಟ್ಟಣದಲ್ಲಿಟ್ಟು, ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು. ಹಸಿರು ಅವಳಿಗೆ ಇಷ್ಟವಿಲ್ಲದ ಬಣ್ಣ ಎಂಬುದನ್ನು ಇಲ್ಲಿ ನೆನಪಿಸಬೇಕು.

ಆಗ ತಿಪ್ಪೇಶನ ಫೋನು ಬಡಿದುಕೊಂಡಿತು. ರೇಣುಕಯ್ಯ. ಮೋಟರು ಬೆಳಗ್ಗೆಯಿಂದ ಓಡುತ್ತಿದೆ, ಟ್ಯಾಂಕು ಸುರಿದು ಗುಡಿಯ ಮುಂದೆ ಕೆರೆಯಾಗಿದೆ, ಎಮ್ಮೆಗಳು ಮೇಲೆ ಬರಲೊಲ್ಲವು ಎಂದು ಅವನು ಕೂಗುವುದು ಜಗಲಿಯವರೆಗೂ ಕೇಳುತ್ತಿತ್ತು. ತಿಪ್ಪೇಶ ಗಾಬರಿಯಿಂದ ಎದ್ದ. ಯಶೋಧರಾ ಅವನ ಕೈ ಹಿಡಿದು ಕೂರಿಸಿ ಫೋನು ತಾನು ತೆಗೆದುಕೊಂಡಳು.

"ಫೋನ್ ನಿಂಗೆ ಕೊಟ್ಟು ಎಲ್ಲಿಗೆ ಹೋದ ಕಣವ್ವ ಆ ತಿಪ್ಪೇಶ?" ಎಂದು ರೇಣುಕಯ್ಯ ಕೇಳಿದ.

"ಎಲ್ಲೂ ಹೋಗಿಲ್ಲ ಕಣಣ್ಣ. ಇಲ್ಲೇ ಅವ್ರೆ" ಎಂದಳು ಯಶೋಧರಾ. "ಮೋಟರು ಇವತ್ತೊಂದಿನ ನೀವೇ ಆರ್ಸಿ."